ಪ್ರಫುಲ್ಲಾ ಇದ್ದ ಓಣಿ

ಆ ಊರಿಗೆ ಹೋದವರೆಲ್ಲ ನೋಡಿ ಬರುವುದು ನಾಲ್ಕೇ ಜಾಗ. ಅರಮನೆ, ಅದರ ಹಿಂದಿನ ಕೆರೆ, ಕಲ್ಲಿನ ಹೆಬ್ಬಾಗಿಲು, ಗಾಜಿನ ಛಾವಣಿಯ ಮಾರುಕಟ್ಟೆ. ನಾನು ಹೋದ ಪ್ರವಾಸದ ಬಸ್ಸಿನವರೂ ಅವನ್ನೇ ತೋರಿಸಿದರು. ಅರಮನೆಯ ಮುಂದೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರು. ಅದರಲ್ಲಿ ಎಲ್ಲರೂ ನಗುತ್ತಿದ್ದಾರೆ, ನಾನೊಬ್ಬಳು ಮಾತ್ರ ಪಕ್ಕಕ್ಕೆ ತಿರುಗಿ ರಸ್ತೆಯ ಆಚೆ ಏನನ್ನೋ ಹುಡುಕುತ್ತಿದ್ದೇನೆ.

ನನ್ನ ಮಗಳು ಪ್ರಫುಲ್ಲಾ ಆ ಊರಲ್ಲಿ ಎಂಟೊಂಬತ್ತು ವರ್ಷ ಇದ್ದಳು. ಮದುವೆ ಕರೆಯೋಲೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. "ಅಮ್ಮಾ, ಇವತ್ತು ಹುಡುಗನ ಹೆಸರಿನ ಜಾಗದಲ್ಲಿ ಅವರಪ್ಪನ ಹೆಸರು ಬಿದ್ದಿತ್ತು. ನಾನು ನೋಡದೆ ಇದ್ದಿದ್ದರೆ ಮಾವನೇ ತಾಳಿ ಕಟ್ಟಬೇಕಾಗಿತ್ತು" ಎಂದು ಫೋನಿನಲ್ಲಿ ನಗುತ್ತಿದ್ದಳು. ಅಷ್ಟು ಜನರ ಮದುವೆಯ ಕಾಗದ ತಿದ್ದಿದವಳು ತಾನು ಮಾತ್ರ ಮದುವೆ ಬೇಡವೆಂದಳು. ಯುಗಾದಿಗೆ, ದೀಪಾವಳಿಗೆ ಅವಳೇ ಬರುತ್ತಿದ್ದಳು. ನನ್ನ ಗಂಡ ಲಕ್ವ ಹೊಡೆದು ಮಲಗಿದ್ದರು. ಅವರನ್ನು ಬಿಟ್ಟು ಒಂದು ದಿನ ಆಚೆ ಉಳಿಯುವ ಹಾಗಿರಲಿಲ್ಲ. ಅವರು ತೀರಿಕೊಂಡ ಮೇಲೆ, "ಇನ್ನಾದರೂ ಬಾ. ನಿನಗೆ ಅರಮನೆ ಗಿರಮನೆ ತೋರಿಸಲ್ಲ. ನಮ್ಮ ಓಣಿ ತೋರಿಸ್ತೀನಿ" ಎಂದಿದ್ದಳು. ವರ್ಷಾಂತಿಕ ಮುಗಿಸಿ ಹೊರಡೋಣವೆಂದುಕೊಂಡಿದ್ದೆ. ಅಷ್ಟರಲ್ಲಿ ಮಾಘದಲ್ಲಿ ಅವಳಿಗೆ ಜ್ವರ ಬಂತು, ಅದರಲ್ಲೇ ಹೋದಳು. ಪ್ರೆಸ್ಸಿನವರು ಇಬ್ಬರು ವ್ಯಾನಿನಲ್ಲಿ ಅವಳನ್ನು ಊರಿಗೆ ತಂದು ಬಿಟ್ಟು, ಕೈಮುಗಿದು ಹೋದರು.

ಆ ಊರಿನ ಓಣಿಗಳ ರೀತಿಯನ್ನು ಅವಳು ಎಂದೋ ಹೇಳಿದ್ದಳು. ನೀರು ಯಾವ ಹೊತ್ತಿಗೆ ಬರುತ್ತದೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿದ್ದಳು. ದೊಡ್ಡ ರಸ್ತೆ, ಕೆರೆ, ಅರಮನೆ ಎಲ್ಲರಿಗೂ ಸೇರಿದ್ದು. ಓಣಿಗೆ ಹೋಗಬೇಕಾದರೆ ಒಳಗಿರುವ ಯಾರಾದರೂ ಹೆಸರು ಹಿಡಿದು ಕರೆಯಬೇಕು. ಯಾರೂ ಕರೆಯದೆ ಕಾಲಿಟ್ಟರೆ, ಒಳಗೆ ಹೋದ ಹಾಗೆಯೇ ಇರುತ್ತದೆ, ಆದರೆ ಒಂದು ತಿರುವು ದಾಟಿದ ಕೂಡಲೇ ಅರಮನೆ ಚೌಕದಲ್ಲಿ ನಿಂತಿರುತ್ತೀರಿ. ಹೊರಗೆ ಬರಲು ಯಾರ ಅಪ್ಪಣೆಯೂ ಬೇಡ. ಬೆಳಿಗ್ಗೆ ಹಾಲಿನವನನ್ನು, ಮಧ್ಯಾಹ್ನ ಅಂಚೆಯವನನ್ನು ಹೆಂಗಸರು ಹೆಸರು ಹಿಡಿದು ಕೂಗುತ್ತಾರೆ. ಹಾಗಾಗಿ ಅಂಚೆಯವನ ಹೆಸರು ಗೊತ್ತಿಲ್ಲದ ಮನೆ ಆ ಊರಲ್ಲಿಲ್ಲ. ಸಂಜೆ ಕೆಲಸದಿಂದ ಬಂದವರು ಓಣಿಯ ಬಾಯಲ್ಲಿ ನಿಂತು ತಮ್ಮ ಹೆಸರಿಗಾಗಿ ಕಾಯುತ್ತಾರೆ. "ನೀನು ಬಂದಾಗ ಜಗುಲಿ ಮೇಲೆ ನಿಂತು ನಾನೇ ಕರೀತೀನಿ" ಎಂದಿದ್ದಳು ಪ್ರಫುಲ್ಲಾ.

ಮಾರುಕಟ್ಟೆಯ ಹತ್ತಿರ ಬಸ್ಸು ನಿಂತಾಗ ನಾನು ಚೀಲ ತೆಗೆದುಕೊಂಡು ಇಳಿದೆ. ಬಸ್ಸಿನ ಜವಾಬ್ದಾರಿ ಹೊತ್ತಿದ್ದ ಪಾಂಡುರಂಗ ಓಡಿಬಂದ.

"ಎಲ್ಲಿಗಮ್ಮ? ಈಗ ಊಟ, ಆಮೇಲೆ ನೇರ ದೇವಸ್ಥಾನದ ಊರು."

"ನಾನು ಇಲ್ಲೇ ಉಳ್ಕೋತೀನಪ್ಪ. ವಾಪಸ್ ಹೋಗ್ತಾ ಕರ್ಕೊಂಡು ಹೋದರೆ ಸಾಕು."

"ಇಲ್ಲಿ ಒಳಗಡೆ ನಿಮ್ಮವರು ಯಾರಾದರೂ ಇದ್ದಾರಾ?"

"ಇದ್ದಳು" ಎಂದೆ. ಅವನು ನಾಡಿದ್ದು ಮಧ್ಯಾಹ್ನ ಅರಮನೆ ಚೌಕದಲ್ಲೇ ಇರಬೇಕೆಂದು ಹೇಳಿ, ಕುಡಿಯುವ ನೀರಿನ ಬಾಟಲಿಯೊಂದನ್ನು ಕೈಗೆ ಕೊಟ್ಟು ಹೋದ.

ಪ್ರಫುಲ್ಲಾ ಇದ್ದದ್ದು ಬತ್ತಿಯವರ ಓಣಿ. ಅದು ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಹಿಂದೆ ಅರಮನೆಯ ದೀಪಗಳಿಗೆ ಬತ್ತಿ ಹೊಸೆಯುತ್ತಿದ್ದವರು ಅಲ್ಲಿದ್ದರಂತೆ. ಎರಡು ಬಟ್ಟೆ ಅಂಗಡಿಗಳ ನಡುವೆ ಒಂದು ಎತ್ತಿನ ಗಾಡಿ ಹಿಡಿಸುವಷ್ಟು ಅಗಲದ ದಾರಿ. ಗೊತ್ತಿದ್ದೂ ಒಳಗೆ ಹೆಜ್ಜೆ ಇಟ್ಟೆ. ಎಡಕ್ಕೆ ಒಂದು ನಲ್ಲಿ, ಅದರ ಕೆಳಗೆ ತುಂಬಿ ಹರಿಯುತ್ತಿದ್ದ ಕೊಡ, ಬಲಕ್ಕೆ ನೀಲಿ ಬಾಗಿಲು. ಒಳಗೆಲ್ಲೋ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಇದೇನು, ಬಿಟ್ಟುಕೊಂಡಿತಲ್ಲ ಎಂದುಕೊಂಡು ತಿರುವು ದಾಟಿದರೆ ಮುಂದೆ ಪಾರಿವಾಳಗಳು, ಐಸ್‌ಕ್ರೀಮಿನ ಗಾಡಿ, ಅರಮನೆಯ ಕಂಬಗಳು. ಚೌಕದಿಂದ ಮತ್ತೆ ನಡೆದು ಬಂದೆ. ಮತ್ತೆ ಹೋದೆ. ಈ ಸಲ ಕೊಡ ಎತ್ತಿಕೊಂಡು ಹೋಗುತ್ತಿದ್ದ ಹೆಂಗಸಿನ ಬೆನ್ನು ಕಂಡಿತು. "ಅಮ್ಮಾ" ಎಂದು ಕೂಗಿದೆ. ಅವಳು ತಿರುಗುವಷ್ಟರಲ್ಲಿ ನನ್ನ ಮುಂದೆ ಪಾರಿವಾಳಗಳಿದ್ದವು. ಇನ್ನೊಂದು ಸಲ ನಡೆಯಲು ಮಂಡಿ ಒಪ್ಪಲಿಲ್ಲ. ಬಟ್ಟೆ ಅಂಗಡಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕುಳಿತೆ. ಅಲ್ಲಿಂದ ನಲ್ಲಿಯೂ ನೀಲಿ ಬಾಗಿಲೂ ಕಾಣುತ್ತಿದ್ದವು. ನನ್ನ ಮಗಳು ದಿನಾ ನೋಡುತ್ತಿದ್ದ ಬಾಗಿಲು. ಅಷ್ಟು ಹತ್ತಿರ ಇದ್ದೂ ನನ್ನ ಹೆಸರು ಬಲ್ಲ ಒಂದು ಜೀವವೂ ಅದರಾಚೆ ಇರಲಿಲ್ಲ.

ಬಿಸಿಲು ಇಳಿದ ಹಾಗೆ ಜನ ಸೇರತೊಡಗಿದರು. ಟಿಫಿನ್ ಡಬ್ಬಿ ಹಿಡಿದವರು, ತರಕಾರಿ ಚೀಲದವರು, ಸಮವಸ್ತ್ರದ ನರ್ಸುಗಳು. ಒಳಗಿನಿಂದ ಒಂದೊಂದೇ ದನಿ ಬರುತ್ತಿತ್ತು. ಹೆಸರು ಬಂದವರು ಮಾತನ್ನು ಅರ್ಧಕ್ಕೇ ಬಿಟ್ಟು ಒಳಗೆ ನಡೆಯುತ್ತಿದ್ದರು. ನನ್ನ ಪಕ್ಕ ದಪ್ಪ ಮೀಸೆಯ ಒಬ್ಬರು ಬಂದು ಕುಳಿತು ಚಪ್ಪಲಿ ಬಿಚ್ಚಿ ಕಾಲು ಚಾಚಿದರು. ಬಹಳ ಹೊತ್ತು ಕಾಯುವ ತಯಾರಿ ಅದು.

"ನಮ್ಮ ಮನೆಯವಳಿಗೆ ಕೋಪ ಬಂದಿದೆ" ಎಂದರು ತಾವಾಗಿಯೇ. "ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪಿಲ್ಲ ಅಂದೆ. ಇವತ್ತು ಕತ್ತಲಾಗೋ ತನಕ ಕರೆಯಲ್ಲ ಅವಳು." ಅವರ ಹೆಸರು ಕುಬೇರಪ್ಪ. ಹೆಂಡತಿ ಲಲಿತಾಬಾಯಿ. ಮದುವೆಯಾದಾಗಿನಿಂದ ಈ ಬೆಂಚಿನ ಮೇಲೆ ಎಷ್ಟು ಕೂತಿದ್ದೇನೋ ಲೆಕ್ಕವಿಲ್ಲ ಎಂದು ನಕ್ಕರು. "ನೀವು ಯಾರ ಮನೆಗೆ?"

"ಯಾರ ಮನೆಗೂ ಇಲ್ಲ. ಇಲ್ಲಿ ಒಬ್ಬರೇ ಇರುವವರನ್ನ ಯಾರು ಕರೀತಾರೆ?"

"ಪಕ್ಕದ ಮನೆಯವರು ಒಪ್ಕೊಂಡರೆ ಕರೀತಾರೆ. ಆದರೆ ಸುಮ್ಮನೆ ಒಪ್ಕೊಳ್ಳಲ್ಲ ನೋಡಿ. ಕರೆಯೋದು ಅಂದರೆ ದಿನಾ ಸಂಜೆ ಮನೇಲಿರಬೇಕು. ಮಳೆ ಇರಲಿ, ಮದುವೆ ಇರಲಿ. ಹೆಣ್ಣು ಕೇಳೋದಕ್ಕಿಂತ ಕಷ್ಟ ಇಲ್ಲಿ ಕರೀತೀರಾ ಅಂತ ಕೇಳೋದು."

"ಹಾಗಾದರೆ ನನ್ನ ಮಗಳನ್ನ ಯಾರು ಕರೀತಿದ್ದರು? ಪ್ರಫುಲ್ಲಾ ಅಂತ. ಪ್ರೆಸ್ಸಿನಲ್ಲಿದ್ದಳು."

ಕುಬೇರಪ್ಪ ಚಾಚಿದ್ದ ಕಾಲು ಎಳೆದುಕೊಂಡರು. ನನ್ನ ಮುಖ ನೋಡಿದರು. ಹಣೆ, ಕಣ್ಣು, ಗಲ್ಲ ಎಲ್ಲವನ್ನೂ ಬೇರೆ ಬೇರೆಯಾಗಿ ನೋಡಿದ ಹಾಗಿತ್ತು. "ಸ್ವಲ್ಪ ಇರಿ ಅಮ್ಮ" ಎಂದರು ಮೆಲ್ಲಗೆ. "ಈಗ ನಿಮಗೇ ಕೇಳಿಸುತ್ತೆ."

ನನಗೆ ಅರ್ಥವಾಗಲಿಲ್ಲ. ಬೀದಿ ದೀಪ ಹತ್ತಿಕೊಂಡ ಮೇಲೆ ಓಣಿಯ ಒಳಗಿನಿಂದ ಒಂದು ಹೆಂಗಸಿನ ದನಿ ಬಂತು. ಸಣ್ಣ ದನಿ, ಕೊನೆಯಲ್ಲಿ ಎಳೆದು ಬಿಡುವ ದನಿ. "ಪ್ರಫುಲ್ಲಾ..."

ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸುತ್ತಲಿನ ಯಾರೂ ತಲೆ ಎತ್ತಲಿಲ್ಲ. ಅವರಿಗೆ ಅದು ಅಭ್ಯಾಸವಾಗಿ ಹೋಗಿತ್ತು. ಕುಬೇರಪ್ಪ ನೆಲ ನೋಡುತ್ತ, "ಮಾಘದಿಂದಲೂ ಹೀಗೇ" ಎಂದರು. "ಮೊದಮೊದಲು ಬುದ್ಧಿ ಹೇಳಿದೆವು. ಈಗ ಸುಮ್ಮನಾಗಿದ್ದೀವಿ."

"ಪ್ರಫುಲ್ಲಾ..." ಎಂದಿತು ಮತ್ತೆ ಆ ದನಿ.

ನಾನು ಎದ್ದು ನಿಂತೆ. ನನ್ನ ಬಾಯಿಂದ "ಓ" ಎಂದು ಬಂತು. ಯೋಚಿಸಿ ಕೊಟ್ಟ ಉತ್ತರವಲ್ಲ. ಕರೆಯುತ್ತಿದ್ದಾರೆ, ಮಗು ಇಲ್ಲ, ಯಾರಾದರೂ ಓ ಅನ್ನಬೇಕಲ್ಲ.

ಒಳಗಿನಿಂದ ಬರಿಗಾಲಿನ ಓಟದ ಸಪ್ಪಳ ಬಂತು. ನಲ್ಲಿಯ ಹತ್ತಿರ ಬಂದು ನಿಂತವಳು ನಲವತ್ತರ ಆಸುಪಾಸಿನ ಹೆಂಗಸು. ಕೊರಳಲ್ಲಿ ಟೈಲರ್‌ಗಳು ಹಾಕಿಕೊಳ್ಳುವ ಅಳತೆಯ ಟೇಪು. ಓಣಿಯ ಬಾಯಿಗೆ ಬಂದರೂ ಅವಳು ಗಡಿ ದಾಟಲಿಲ್ಲ. ಅವಳ ಕಾಲ ಹತ್ತಿರ ಓಣಿಯ ಕಲ್ಲುಹಾಸು ಮುಗಿದು ರಸ್ತೆಯ ಡಾಂಬರು ಶುರುವಾಗುತ್ತಿತ್ತು. ನಾನು ಈಚೆ ನಿಂತೆ.

"ಯಾರು ಓ ಅಂದಿದ್ದು?"

"ನಾನಮ್ಮ. ಅವಳ ತಾಯಿ."

ಅವಳು ನನ್ನನ್ನು ನೋಡುತ್ತ ನಿಂತಳು. ಸಿಟ್ಟೋ ದುಃಖವೋ ತಿಳಿಯಲಿಲ್ಲ. "ಹೆಸರು ಹೇಳಿ" ಎಂದಳು.

ಹೆಸರು ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಊರಲ್ಲಿ ನಾನು ಮೇಷ್ಟ್ರ ಹೆಂಡತಿ, ಇಲ್ಲವೇ ಪ್ರಫುಲ್ಲಾಳ ತಾಯಿ. ಗಂಡ ಕೂಡ ಇವಳೇ ಎಂದು ಕರೆಯುತ್ತಿದ್ದರು. "ಅಲಮೇಲು" ಎಂದೆ.

"ಅಲಮೇಲಮ್ಮಾ, ಒಳಗೆ ಬನ್ನಿ."

ಹೆಜ್ಜೆ ಇಟ್ಟೆ. ನಲ್ಲಿ ದಾಟಿತು, ನೀಲಿ ಬಾಗಿಲು ದಾಟಿತು, ತಿರುವು ಬಂತು. ತಿರುವಿನಾಚೆಯೂ ಓಣಿಯೇ ಇತ್ತು. ನಮ್ಮ ಹಿಂದೆ ಲಲಿತಾಬಾಯಿಯ ದನಿ ಕೇಳಿಸಿತು. "ಕುಬೇರಪ್ಪಾ, ಬಂದು ತಿಂದು ಮಲಕ್ಕೋ!" ಎಂದು ಗದರುತ್ತಿದ್ದರು.

ನನ್ನನ್ನು ಕರೆದವಳ ಹೆಸರು ಚಂದ್ರಭಾಗಾ. ಅವಳೂ ನನ್ನ ಮಗಳೂ ಮಹಡಿಯ ಒಂದೇ ಕೋಣೆಯಲ್ಲಿ ಅಷ್ಟೂ ವರ್ಷ ಇದ್ದರಂತೆ. ಒಂದು ಹೊಲಿಗೆ ಯಂತ್ರ, ಎರಡು ಮಂಚ, ಗೋಡೆಗೆ ಅಂಟಿಸಿದ ಯಾರ್ಯಾರದೋ ಮದುವೆ ಕರೆಯೋಲೆಗಳು. ಎಲ್ಲ ತಪ್ಪು ಅಚ್ಚಾದವು. ಒಂದರಲ್ಲಿ ಮದುಮಗಳ ಹೆಸರೇ ಇರಲಿಲ್ಲ. ಪ್ರಫುಲ್ಲಾಳ ಮಂಚದ ಮೇಲೆ ಹೊದಿಕೆ ಮಡಿಸಿಟ್ಟ ಹಾಗೆಯೇ ಇತ್ತು. ನಾನು ಅದರ ಮೇಲೆ ಕುಳಿತುಕೊಳ್ಳಲೋ ಬೇಡವೋ ಎಂದು ನಿಂತಿದ್ದೆ. ಚಂದ್ರಭಾಗಾ, "ಕೂತ್ಕೊಳ್ಳಿ, ನಿಮ್ಮದೇ" ಎಂದಳು.

ಅನ್ನ ಸಾರು ಬಡಿಸಿದಳು. ಇಬ್ಬರೂ ಉಣ್ಣಲು ಕುಳಿತೆವು. ಪ್ರಫುಲ್ಲಾ ನನಗೆ ಓಣಿಯ ಬಗ್ಗೆ ಹೇಳದ ವಿಷಯವಿರಲಿಲ್ಲ. ಬೇಕರಿಯ ಸೊಟ್ಟ ಒಲೆ, ಮೀನಿರುವ ಬಾವಿ, ಹಾರ್ಮೋನಿಯಂ ತಿದಿ ರಿಪೇರಿ ಮಾಡುವ ಮುದುಕರು, ಎಲ್ಲ ಗೊತ್ತಿತ್ತು. ಚಂದ್ರಭಾಗಾಳ ಹೆಸರನ್ನು ಮಾತ್ರ ಒಂದು ಸಲವೂ ಹೇಳಿರಲಿಲ್ಲ. ತುತ್ತು ಕಲಸುತ್ತ ಕುಳಿತಾಗ ನನಗೆ ಅನ್ನಿಸಿದ್ದು ದುಃಖವಲ್ಲ, ಹೊಟ್ಟೆಕಿಚ್ಚು.

"ನಿನ್ನ ವಿಷಯ ಅವಳು ನನಗೆ ಹೇಳಲೇ ಇಲ್ಲ" ಎಂದೆ.

"ನಿಮ್ಮ ವಿಷಯ ನನಗೂ ಅಷ್ಟೇ. ಫೋನು ಮಾಡೋಕೆ ಮೇಲೆ ತಾರಸಿಗೆ ಹೋಗೋಳು. ಇಳಿದು ಬಂದ ಮೇಲೆ ಏನಂದರು ಅಮ್ಮ ಅಂದರೆ, ಚೆನ್ನಾಗಿದ್ದಾಳೆ ಅನ್ನೋಳು. ಅಷ್ಟೇ." ಅವಳು ತಟ್ಟೆಯ ಅಂಚಿನಲ್ಲಿ ಬೆರಳು ಆಡಿಸಿದಳು. "ಯಾಕೆ ಅಂತ ನಾನೂ ಯೋಚನೆ ಮಾಡಿದ್ದೀನಿ. ಗೊತ್ತಾಗಿಲ್ಲ."

ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅವಳಿಗೆ ಎರಡು ಮನೆಗಳಿದ್ದವು, ನಡುವಿನ ಬಾಗಿಲನ್ನು ಅವಳು ಮುಚ್ಚಿಟ್ಟುಕೊಂಡಿದ್ದಳು ಎಂದಷ್ಟೇ ಹೇಳಬಲ್ಲೆ.

ಮಾರನೆಯ ಬೆಳಿಗ್ಗೆ ಚಂದ್ರಭಾಗಾ ನನಗೆ ಓಣಿ ತೋರಿಸಿದಳು. ಪ್ರವಾಸಿಗರು ನೋಡುವಂಥದ್ದು ಅಲ್ಲಿ ಏನೂ ಇಲ್ಲ. ಬೇಕರಿಯ ಒಲೆ ನಿಜವಾಗಿಯೂ ಸೊಟ್ಟಗಿತ್ತು, ಅದರಲ್ಲಿ ಬೆಂದ ಬನ್ನುಗಳೆಲ್ಲ ಒಂದು ಕಡೆ ಹೆಚ್ಚು ಕೆಂಪು. ಬಾವಿಯಲ್ಲಿ ಮೀನುಗಳಿದ್ದವು. ನಾನು ಬಗ್ಗಿದ ಕೂಡಲೇ ಮೇಲೆ ಬಂದವು, ಪ್ರಫುಲ್ಲಾ ದಿನಾ ಅವಕ್ಕೆ ಅನ್ನ ಹಾಕುತ್ತಿದ್ದಳಂತೆ. ಹಾರ್ಮೋನಿಯಂನ ಮುದುಕರು ನನ್ನನ್ನು ಕಂಡು ಎದ್ದು ನಿಂತು, ಕೈಯಲ್ಲಿದ್ದ ತಿದಿಯನ್ನು ಒಂದು ಸಲ ಒತ್ತಿದರು. ಅದು ನಿಟ್ಟುಸಿರಿನ ಹಾಗೆ ಸದ್ದು ಮಾಡಿತು. ತಾರಸಿಯ ಮೇಲಿಂದ ನೋಡಿದರೆ ಒಣಹಾಕಿದ ಸೀರೆಗಳ ಸಾಲು, ನೀರಿನ ಟ್ಯಾಂಕುಗಳು, ಅವುಗಳ ನಡುವೆ ಎಲ್ಲೋ ಅರಮನೆಯ ಗೋಪುರದ ತುದಿ, ಒಂದು ನಿಂಬೆಹಣ್ಣಿನಷ್ಟು. "ಅಮ್ಮಾ, ಇಲ್ಲಿಂದ ಅರಮನೆ ಕಾಣುತ್ತೆ" ಎಂದು ಅವಳು ಹೇಳಿದಾಗ ನಾನು ಎಷ್ಟು ದೊಡ್ಡದಾಗಿ ಊಹಿಸಿಕೊಂಡಿದ್ದೆ! ಅಲ್ಲೇ ಟ್ಯಾಂಕಿನ ನೆರಳಲ್ಲಿ ಒಂದು ಮುರಿದ ಕುರ್ಚಿ ಇತ್ತು. ಅವಳು ನನ್ನೊಡನೆ ಮಾತಾಡುತ್ತಿದ್ದದ್ದು ಅದರ ಮೇಲೆ ಕುಳಿತು. ನಾನೂ ಕುಳಿತೆ. ಬಿಸಿಲು ಏರಿದ್ದು ಗೊತ್ತಾಗಲಿಲ್ಲ.

ಮಧ್ಯಾಹ್ನ ಹೊಲಿಗೆ ಯಂತ್ರದ ಪಕ್ಕ ಗಂಟು ಕಟ್ಟಿಟ್ಟ ರವಿಕೆಗಳನ್ನು ನೋಡಿದೆ. ಧೂಳು ಕುಳಿತಿತ್ತು. "ಇವನ್ನ ಕೊಡೋದಿಲ್ವೇನಮ್ಮ?"

"ದೊಡ್ಡ ರಸ್ತೆಯ ಅಂಗಡಿಗೆ ಹೋಗಬೇಕು."

"ಹೋಗಿ ಬಾ."

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದವಳು ನಿಲ್ಲಿಸಿದಳು. "ಹೋದರೆ ಮತ್ತೆ ನನ್ನನ್ನ ಯಾರು ಕರೀತಾರೆ?"

ಆಗ ನನಗೆ ತಿಳಿಯಿತು. ಅವಳು ಪ್ರಫುಲ್ಲಾಳನ್ನು ಕರೆಯುತ್ತಿದ್ದಳು, ಅವಳನ್ನು ಪ್ರಫುಲ್ಲಾ ಕರೆಯುತ್ತಿದ್ದಳು. ಒಳಗಿದ್ದವಳು ಹೊರಗೆ ಹೋದವಳನ್ನು. ಇಬ್ಬರೂ ಹೊರಗಿದ್ದ ದಿನ ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತ, ಒಳಗಿನ ಯಾರಿಗಾದರೂ ಕರುಣೆ ಬರುವ ತನಕ ಕಾಯುತ್ತಿದ್ದರಂತೆ. ಆಸ್ಪತ್ರೆಯಿಂದ ಪ್ರಫುಲ್ಲಾಳನ್ನು ವ್ಯಾನಿಗೆ ಹತ್ತಿಸಿ ಬಂದ ಸಂಜೆ ಯಾರೋ ಚಂದ್ರಭಾಗಾಳನ್ನು ಕರೆದರು. ಯಾರೆಂದು ಅವಳಿಗೆ ನೆನಪಿಲ್ಲ. ಅವತ್ತು ಒಳಗೆ ಬಂದವಳು ಆ ಕಲ್ಲುಹಾಸನ್ನು ಮತ್ತೆ ದಾಟಿಲ್ಲ.

"ಯಾರನ್ನಾದರೂ ಕೇಳಬಹುದಿತ್ತಲ್ಲ?"

"ಕೇಳಿದರೆ ಅವಳ ಜಾಗಕ್ಕೆ ಇನ್ನೊಬ್ಬರನ್ನ ತಂದ ಹಾಗಲ್ವಾ?" ಎಂದಳು. ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಅಲ್ಲದೆ, ಇಲ್ಲ ಅಂದುಬಿಟ್ಟರೆ?" ಎಂದಳು.

"ಇವತ್ತು ನಾನು ಕರೀತೀನಿ. ಹೊರಡು."

"ನಾಳೆ ನೀವು ಹೋಗ್ತೀರಿ."

"ನಾಳೆಯದು ನಾಳೆ. ಎದ್ದೇಳು, ಮುಖ ತೊಳ್ಕೋ."

ಬಹಳ ಹೊತ್ತು ಒಪ್ಪಲಿಲ್ಲ. ಕೊನೆಗೆ ರವಿಕೆಗಳ ಧೂಳು ಕೊಡವಿ, ಬೇರೆ ಸೀರೆ ಉಟ್ಟು ಹೊರಟಳು. ನಲ್ಲಿಯ ತನಕ ಜೊತೆಗೆ ಹೋದೆ. ಕಲ್ಲುಹಾಸಿನ ಅಂಚಿನಲ್ಲಿ ನಿಂತು, "ಮರೀಬೇಡಿ" ಎಂದಳು. ಆಮೇಲೆ ತಣ್ಣೀರಿಗೆ ಇಳಿಯುವವರ ಹಾಗೆ ಉಸಿರು ಹಿಡಿದು ಡಾಂಬರಿಗೆ ಕಾಲಿಟ್ಟಳು. ಜನರ ನಡುವೆ ರವಿಕೆಗಳ ಕೆಂಪು ಗಂಟು ಸ್ವಲ್ಪ ಹೊತ್ತು ಕಂಡು ಮರೆಯಾಯಿತು.

ಹಿಂತಿರುಗುವಾಗ ಲಲಿತಾಬಾಯಿಯ ಬಾಗಿಲು ತಟ್ಟಿದೆ. ಅಕ್ಕಿ ಆರಿಸುತ್ತಿದ್ದರು. ವಿಷಯ ಹೇಳಿ, ನಾಳೆಯಿಂದ ಚಂದ್ರಭಾಗಾಳನ್ನು ಕರೆಯುತ್ತೀರಾ ಎಂದು ಕೇಳಿದೆ. ಅವರು ಮೊರವನ್ನು ಪಕ್ಕಕ್ಕಿಟ್ಟು, "ಅವಳು ಕೇಳಲಿಲ್ಲ, ನಾವಾಗಿ ಹೇಗೆ ಹೇಳೋದು? ಆ ಹುಡುಗಿ ಸತ್ತ ಮೇಲೆ ನಾನು ಕರೀತೀನಿ ಅಂತ ಮುಂದೆ ಹೋದರೆ, ಇದಕ್ಕೇ ಕಾಯ್ತಿದ್ದರು ಅನ್ಕೊಳ್ಳಲ್ವಾ?" ಎಂದರು. ಮತ್ತೆ, "ನನಗೇನು ಕಷ್ಟ? ಈ ಮನುಷ್ಯನ್ನ ಕರೆಯೋಕೆ ಹೇಗೂ ಬಾಗಿಲಿಗೆ ಬರ್ತೀನಿ. ಒಂದು ಹೆಸರು ಜಾಸ್ತಿ" ಎಂದು ಕಣ್ಣೊರೆಸಿಕೊಂಡರು. "ಇವತ್ತು ಮಾತ್ರ ನೀವೇ ಕರೀರಿ."

ಆ ಮಧ್ಯಾಹ್ನದಷ್ಟು ಒಂಟಿತನವನ್ನು ನಾನು ಎಂದೂ ಕಂಡಿಲ್ಲ. ಎರಡು ಮಂಚ, ಇಬ್ಬರೂ ಇಲ್ಲ, ನಾನೊಬ್ಬಳು. ಮಗಳ ದಿಂಬಿಗೆ ಮೂಗು ಒತ್ತಿ ನೋಡಿದೆ. ಸೋಪಿನ ವಾಸನೆ ಮಾತ್ರ ಇತ್ತು, ಚಂದ್ರಭಾಗಾ ಒಗೆದುಬಿಟ್ಟಿದ್ದಳು. ನಾಳೆ ಊರಿಗೆ ಹೋಗುತ್ತೇನೆ, ಅಲ್ಲಿ ಯಾವ ಬೀದಿಗೆ ಹೋಗಲೂ ಯಾರೂ ಕರೆಯಬೇಕಾಗಿಲ್ಲ, ಹಾಗಾಗಿ ಯಾರೂ ಕರೆಯುವುದೂ ಇಲ್ಲ ಎಂದು ಯೋಚಿಸುತ್ತ ಗೋಡೆಯ ಕರೆಯೋಲೆಗಳನ್ನು ಓದುತ್ತ ಕುಳಿತೆ.

ಸಂಜೆ ಜಗುಲಿಗೆ ಬಂದು ನಿಂತೆ. ಅಕ್ಕಪಕ್ಕದ ಬಾಗಿಲುಗಳಿಂದ ಹೆಸರುಗಳು ಹೊರಡತೊಡಗಿದವು. ನಾನು ಗಂಟಲು ಸರಿಮಾಡಿಕೊಂಡೆ. ಜೋರಾಗಿ ಕೂಗಿ ಎಷ್ಟು ಕಾಲವಾಗಿತ್ತೋ. "ಚಂದ್ರಭಾಗಾ" ಎಂದೆ. ದನಿ ನಲ್ಲಿಯ ತನಕವೂ ಹೋಗಲಿಲ್ಲವೆನ್ನಿಸಿತು. ಮತ್ತೆ ಕೂಗಿದೆ. ತಿರುವಿನಲ್ಲಿ ನರ್ಸು ಬಂದಳು, ಹಾರ್ಮೋನಿಯಂನವರ ಸೊಸೆ ಬಂದಳು, ಚಂದ್ರಭಾಗಾ ಬರಲಿಲ್ಲ. ದೀಪ ಹತ್ತಿತು. "ಚಂದ್ರಭಾಗಾ!" ಎಂದು ಇನ್ನೊಮ್ಮೆ, ಮತ್ತೊಮ್ಮೆ. ಒಂದೊಂದಾಗಿ ಬೇರೆ ಹೆಸರುಗಳು ನಿಂತು ನನ್ನದೊಂದೇ ದನಿ ಉಳಿಯಿತು. ರಸ್ತೆ ದಾಟುವಾಗ ಏನಾದರೂ ಆಯಿತೇ? ಇಲ್ಲವೇ ಇಷ್ಟು ದಿನ ಒಳಗೇ ಇದ್ದವಳು ಒಮ್ಮೆ ಹೊರಗೆ ಹೋದ ಮೇಲೆ ಮತ್ತೆ ಬರುವುದೇ ಬೇಡವೆಂದುಕೊಂಡಳೇ? ನಾನೇ ಒತ್ತಾಯ ಮಾಡಿ ಕಳಿಸಿದೆನಲ್ಲ.

ಲಲಿತಾಬಾಯಿ ಹೊರಗೆ ಬಂದು ನನ್ನ ಪಕ್ಕ ನಿಂತರು. ಒಂದೇ ಉಸಿರಿಗೆ ಗಂಡನನ್ನು ಕರೆದರು, ಅವತ್ತು ಕೋಪವಿರಲಿಲ್ಲ. ಕುಬೇರಪ್ಪ ಬೇಗಬೇಗನೆ ನಡೆದು ಬಂದರು. ನಮ್ಮ ಮುಖ ನೋಡಿ ಅಲ್ಲೇ ನಿಂತರು.

"ಅವಳನ್ನ ನೋಡಿದಿರಾ?" ಎಂದೆ.

"ಬೆಂಚಿನ ಹತ್ತಿರ ನಿಂತಿದ್ದಾಳೆ."

"ನನ್ನ ದನಿ ಕೇಳಿಸ್ತಾ ಇಲ್ವೇನೋ. ನೀವಾದರೂ ಜೋರಾಗಿ..."

"ಕೇಳಿಸಿದೆ ಅಮ್ಮ. ಮೊದಲನೇ ಸಲವೇ ಕೇಳಿಸಿತಂತೆ." ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. "ಬಾ ತಾಯಿ ಅಂದರೆ ಬರ್ತಾ ಇಲ್ಲ. ಅಳ್ತಾ ನಿಂತಿದ್ದಾಳೆ. ಇನ್ನೊಂದು ಸ್ವಲ್ಪ ಹೊತ್ತು ಕರೀಲಿ ಅಂತಾಳೆ."

ಲಲಿತಾಬಾಯಿ ಮೆಲ್ಲಗೆ ಗಂಡನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. ನಾನು ಜಗುಲಿಯ ಕಂಬ ಹಿಡಿದು, ಹೊಟ್ಟೆಯ ತುಂಬ ಗಾಳಿ ಎಳೆದುಕೊಂಡು, ಮತ್ತೆ ಕರೆಯತೊಡಗಿದೆ.